ಕಾದ ಲ್ಯಾಪ್‌ಟಾಪಿಗೆ ಓವರ್‌ಕ್ಲಾಕ್ ಮಾಡಬಹುದಾ?

ಪ್ರಶ್ನೆ: ಮನೆ ಪ್ಲಾನ್‌ಗಳನ್ನು ರೆಂಡರ್ ಮಾಡಲು (ನಿಜದಂತೆ ಕಾಣುವ ಚಿತ್ರವಾಗಿಸಲು) ಇಂಟೆಲ್ ಪ್ರೊಸೆಸರ್ ಇರುವ ಹಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತಗೊಂಡಿದ್ದೇನೆ. ಶುರುವಿನಲ್ಲಿ ವೇಗ 4 ಗಿಗಾಹರ್ಟ್ಸ್, ಸ್ವಲ್ಪ ಹೊತ್ತಿಗೆ 2.6. ಬಿಸಿ 98 ಡಿಗ್ರಿ. ಓವರ್‌ಕ್ಲಾಕ್ ಮಾಡಿದರೆ, ಅಂದರೆ ಪ್ರೊಸೆಸರನ್ನು ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡಿಸಿದರೆ, ಸರಿಹೋಗುತ್ತಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಈಗ ಬೇಡ. ನಿಮ್ಮ ಚಿಪ್‌ಗೆ ವೇಗ ಇದೆ, ಬಿಸಿ ಹೊರಹಾಕಲು ದಾರಿ ಇಲ್ಲ ಅಷ್ಟೇ. 100 ಡಿಗ್ರಿ ಹತ್ತಿರ ಬಂದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಓವರ್‌ಕ್ಲಾಕ್ ಮಾಡಿದರೆ ಇನ್ನೂ ಬೇಗ ಇಳಿಯುತ್ತದೆ.

ಮೊದಲು ತಳದ ಮುಚ್ಚಳ ಬಿಚ್ಚಿ, ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ನೋಡಿ. ಮೈಸೂರಿನಲ್ಲಿ ನನ್ನದನ್ನು ಬಿಚ್ಚಿದಾಗ ಅಲ್ಲಿಂದ ಧೂಳು ಹಳೇ ಕಂಬಳಿ ಚೂರಿನ ಹಾಗೆ ಒಂದೇ ಪದರವಾಗಿ ಎದ್ದುಬಂತು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ, ಇದನ್ನು ಮರೀಬೇಡಿ. ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸದನ್ನು ಚಿಪ್ ಪೂರ್ತಿ ಮುಚ್ಚುವಂತೆ ತೆಳ್ಳಗೆ ಹಚ್ಚಿ.

ಆಮೇಲೆ ಅಂಡರ್‌ವೋಲ್ಟ್ ಮಾಡಿ, ನನಗೆ ಇದೇ ಜಾಸ್ತಿ ಇಷ್ಟ. ಅಂದರೆ ವೇಗ ಅಷ್ಟೇ ಇಟ್ಟು ವೋಲ್ಟೇಜ್ ಇಳಿಸುವುದು, ಅದರಿಂದ ಬಿಸಿಯೂ ಇಳಿಯುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ 10-10 ಮಿಲಿವೋಲ್ಟ್ ಇಳಿಸುತ್ತಾ ಪ್ರತಿ ಸಲ ಅರ್ಧ ಗಂಟೆ ರೆಂಡರ್ ಓಡಿಸಿ, ಹ್ಯಾಂಗ್ ಆದರೆ ಎರಡು ಹೆಜ್ಜೆ ಹಿಂದೆ ಬನ್ನಿ. ವೋಲ್ಟೇಜ್ ಇಳಿಸಿ ಇಂಟೆಲ್ ಚಿಪ್‌ನ ಭದ್ರತೆ ಮುರಿಯಬಹುದು ಎಂದು ತೋರಿಸಿದ 2019ರ ಪ್ಲಂಡರ್‌ವೋಲ್ಟ್ ದೋಷದ ನಂತರ ಹಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಇದಕ್ಕೆ ಬೀಗ ಬಿದ್ದಿದೆ. ಹಾಗಿದ್ದರೆ ಪವರ್ ಲಿಮಿಟ್, ಅಂದರೆ ಚಿಪ್ ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು, ಐದೈದು ವ್ಯಾಟ್ ಇಳಿಸಿ ನೋಡಿ, ಏರಿ ಬೀಳುವ ವೇಗಕ್ಕಿಂತ ಒಂದೇ ಸಮ ಓಡುವ ವೇಗದಲ್ಲಿ ಉದ್ದದ ರೆಂಡರ್ ನೆಮ್ಮದಿಯಾಗಿ ಮುಗಿಯುತ್ತದೆ.

ಹಾಸಿಗೆ ಮೇಲಂತೂ ಇಡಬೇಡಿ. ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ದೊಡ್ಡ ರೆಂಡರ್ ಹಾಕುವ ಬದಲು ರಾತ್ರಿ ಹಾಕಿ.