ತುಂಟತನ ಅಂದಿರಲ್ಲ, ಅದರ ಬಗ್ಗೆ

ಈ ವಾರ ಬಂದ ಒಂದು ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಒಂದು ಸಾಲಿನ ಹತ್ತಿರ ಬಂದು ನಿಂತುಬಿಟ್ಟೆ. ಮುಂದೆ ಹೋಗಲು ಆಗಲಿಲ್ಲ.

ಬರೆದವರು ಒಬ್ಬ ತಾಯಿ. ಮಗನಿಗೆ 16 ವರ್ಷ, ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬರುವ, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುವ ಸ್ಥಿತಿ. ಮಗಳಿಗೆ 20. ಮಗ ಕೈಗೂಸಾಗಿದ್ದಾಗಲೇ ಇವರು ಇಂಥ ಮಕ್ಕಳ ಅಪ್ಪ ಅಮ್ಮಂದಿರ ಆನ್‌ಲೈನ್ ಗ್ರೂಪ್‌ಗೆ ಸೇರಿದರು. ಅಂದಿನಿಂದ ಮಗನ ಫೋಟೊ, ವಿಡಿಯೊ ಹಾಕುತ್ತಲೇ ಇದ್ದಾರೆ. ಮೊದಲ ಹೆಜ್ಜೆ, ಮೊದಲ ಮಾತು, ಸ್ನಾನ, ಕುಣಿತ, ಅಳು, ಎಲ್ಲವೂ. ಈಗ ಮಗಳು ‘ಎಲ್ಲ ತೆಗೆದುಹಾಕು’ ಎಂದು ಜಗಳ ಮಾಡಿ, ಹದಿನೈದು ದಿನದಿಂದ ಮಾತು ಬಿಟ್ಟಿದ್ದಾಳೆ. ಗ್ರೂಪ್‌ನ ಅಡ್ಮಿನ್ ಹತ್ತಿರ ಹೇಳಿಕೊಂಡರೆ, ‘ನಿಮ್ಮ ಮಗಳಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು. ವಿಡಿಯೊ ನಿಲ್ಲಿಸಬೇಡಿ, ಹೊಸಬರಿಗೆ ಧೈರ್ಯ ಬರುತ್ತೆ’ ಅಂದರಂತೆ. ಗ್ರೂಪ್ ಬಿಡಲಾ, ಮಗಳನ್ನೇ ಒಪ್ಪಿಸಲಾ? ಇದು ಪ್ರಶ್ನೆ.

ಇನ್ನು ನಾನು ನಿಂತುಬಿಟ್ಟ ಸಾಲು. ಪತ್ರದ ಕೊನೆಯಲ್ಲಿ, ಸುಮ್ನೆ ತಮಾಷೆಗೆ ಎಂಬಂತೆ ಬರೆದಿದ್ದೀರಿ: ‘ಇತ್ತೀಚೆಗೆ ಇವನಿಗೊಂದು ಹೊಸ ತುಂಟತನ ಬಂದಿದೆ. ಫೋನ್ ಎತ್ತಿದರೆ ಸಾಕು, ಓಡಿ ಬಂದು ಕ್ಯಾಮೆರಾಗೆ ಅಂಗೈ ಅಡ್ಡ ಇಡುತ್ತಾನೆ. ಮೂವತ್ತು ಫೋಟೊ ಬರೀ ಅಂಗೈ! ನಮಗೆ ನಕ್ಕು ನಕ್ಕು ಸಾಕಾಗುತ್ತದೆ.’

ಅಮ್ಮಾ, ಮೂವತ್ತು ಸಲ ಬೇಡ ಅಂದಿದ್ದಾನೆ. ಇನ್ನೂ ಹೇಗೆ ಹೇಳಬೇಕು?

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು. ಮಕ್ಕಳು ಹೇಳಿದ್ದು ನಮಗೆ ಕೇಳಿಸಿಕೊಳ್ಳಲು ಇಷ್ಟವಿಲ್ಲದಿದ್ದಾಗ ಅದಕ್ಕೊಂದು ಮುದ್ದಾದ ಹೆಸರು ಇಡುತ್ತೇವೆ. ತುಂಟತನ, ಹಟ, ಮೊಂಡು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗಂತೂ ‘ಮೊಂಡು’ ಅನ್ನುವುದು ಹೆಸರಿನ ಜೊತೆಗೇ ಅಂಟಿಕೊಂಡಿರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು: ‘ಇವರು ಯಾವಾಗಲೂ ನಗ್ತಾ ಇರ್ತಾರೆ, ದೇವರಂಥ ಮಕ್ಕಳು.’ ಯಾವಾಗಲೂ ನಗುವ ಹದಿನಾರರ ಹುಡುಗನನ್ನು ನಾನಂತೂ ಇನ್ನೂ ನೋಡಿಲ್ಲ. ಇವರಿಗೂ ಹರೆಯ ಬರುವುದು ಉಳಿದವರಿಗೆ ಬರುವ ವಯಸ್ಸಿಗೇ. ಮೀಸೆ ಚಿಗುರುತ್ತದೆ, ನಾಚಿಕೆ ಬರುತ್ತದೆ, ಬಾಗಿಲು ಹಾಕಿಕೊಳ್ಳಬೇಕು ಅನಿಸುತ್ತದೆ. ಅಮ್ಮ ಆರು ವರ್ಷದ ಹಿಂದಿನ ಸ್ನಾನದ ವಿಡಿಯೊ ಯಾರಿಗೋ ತೋರಿಸಿ ನಕ್ಕರೆ ಮೈ ಉರಿಯುತ್ತದೆ.

‘ಅವನಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ’ ಎಂದು ನಿಮ್ಮ ಯಜಮಾನರು ಅಂದಿದ್ದನ್ನೂ ಬರೆದಿದ್ದೀರಿ. ಗೊತ್ತಾಗುತ್ತದೆ. ಡೌನ್ ಸಿಂಡ್ರೋಮ್ ಇರುವ ಹೆಚ್ಚಿನವರಲ್ಲಿ ಆಡುವ ಮಾತಿಗಿಂತ ತಿಳಿಯುವ ಮಾತು ಜಾಸ್ತಿ. ಬಾಯಿಯ ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕಿವಿಯ ತೊಂದರೆಯೂ ಸಾಮಾನ್ಯ, ಹಾಗಾಗಿ ಮಾತು ಹಿಂದೆ ಬೀಳುತ್ತದೆ. ಮಾತು ತೊದಲಿದರೆ ತಲೆಯೂ ತೊದಲುತ್ತದೆ ಎಂದುಕೊಳ್ಳುವುದು ಕೇಳುವವರ ಸೋಮಾರಿತನ. ಬಾಯಿ ತಡವಾದಾಗ ಕೈ ಮಾತಾಡುತ್ತದೆ. ಸ್ಪೀಚ್ ಥೆರಪಿಯಲ್ಲಿ ಚಿಕ್ಕ ವಯಸ್ಸಿನಿಂದ ಇವರಿಗೆ ಕೈಸನ್ನೆ ಕಲಿಸುವುದೂ ಅದಕ್ಕೇ. ನೀವೇ ಕಲಿಸಿರುತ್ತೀರಿ. ಈಗ ಅದನ್ನೇ ಬಳಸುತ್ತಿದ್ದಾನೆ.

ಆ ಅಂಗೈಯನ್ನು ಇನ್ನೊಮ್ಮೆ ನೋಡಿ. ಅಡ್ಡಕ್ಕೆ ಒಂದೇ ಗೆರೆ ಇದೆಯಾ? ಇವರಲ್ಲಿ ಸುಮಾರು ಜನರಿಗೆ ಹಾಗಿರುತ್ತದೆ. ಹುಟ್ಟಿದ ದಿನ ಡಾಕ್ಟರು ಪುಟ್ಟ ಮುಷ್ಟಿ ಬಿಡಿಸಿ ನೋಡುವುದು ಆ ಗೆರೆಯನ್ನೇ. ಅವತ್ತಿನಿಂದ ಎಲ್ಲರೂ ಅವನನ್ನು ನೋಡಿದ್ದೇ ನೋಡಿದ್ದು. ಇದು ಇವತ್ತಿನ ಕಥೆಯಲ್ಲ. ಈ ಸ್ಥಿತಿಯ ಬಗ್ಗೆ 1866ರಲ್ಲಿ ಬರೆದ ಇಂಗ್ಲಿಷ್ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್‌ಗೂ ಕ್ಯಾಮೆರಾ ಎಂದರೆ ಪ್ರೀತಿ. ಅರ್ಲ್ಸ್‌ವುಡ್ ಎಂಬಲ್ಲಿ ತನ್ನ ಆರೈಕೆಯಲ್ಲಿದ್ದವರನ್ನು ಕೂರಿಸಿ ಫೋಟೊ ತೆಗೆಯುತ್ತಿದ್ದ. ಫೋಟೊ ಬೇಕಾಗಿದ್ದು ಅವನಿಗೆ, ಕೂತವರಿಗಲ್ಲ.

ಗ್ರೂಪ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಗನ ಹೃದಯದ ಆಪರೇಷನ್‌ನ ಹಿಂದಿನ ರಾತ್ರಿ, ಮುಖ ನೋಡದ ಒಬ್ಬಾಕೆ ಬೆಳಗಿನವರೆಗೆ ನಿಮ್ಮ ಜೊತೆ ಎಚ್ಚರ ಕೂತು ಮೆಸೇಜ್ ಮಾಡಿದ್ದನ್ನು ಬರೆದಿದ್ದೀರಿ. ಓದಿ ನನ್ನ ಗಂಟಲು ಕಟ್ಟಿತು. ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹುಟ್ಟುವಾಗಲೇ ಹೃದಯದ ತೊಂದರೆ ತರುತ್ತಾರೆ. ಆ ರಾತ್ರಿಯನ್ನು ದಾಟಿದ ಇನ್ನೊಬ್ಬ ತಾಯಿ ಹೇಳುವ ‘ನಾನಿದ್ದೇನೆ’ಗೆ ಸಮ ಯಾವುದೂ ಇಲ್ಲ. ಗ್ರೂಪ್ ಬಿಡಬೇಡಿ. ಆದರೆ ಗಮನಿಸಿ, ಆಕೆ ಅವತ್ತು ನಿಮಗೆ ಕೊಟ್ಟಿದ್ದು ತನ್ನ ಮಾತು. ತನ್ನ ಮಗುವಿನ ವಿಡಿಯೊ ಅಲ್ಲ.

ಆ ಅಡ್ಮಿನ್ ಮೇಲೆ ಮಾತ್ರ ನನಗೆ ಕೋಪ ಇಳಿದಿಲ್ಲ. ನಿಮ್ಮ ಮನೆಯಲ್ಲಿ ಆ ಅಂಗೈಯನ್ನು ಸರಿಯಾಗಿ ಓದಿದವಳು ಮಗಳೊಬ್ಬಳೇ. ಅವಳಿಗೆ ಹೊಟ್ಟೆಕಿಚ್ಚು ಎಂಬ ಪಟ್ಟ ಕಟ್ಟಲು ಈ ಮಹಾಶಯರು ಯಾರು? ಹೊಸ ಅಮ್ಮಂದಿರ ಧೈರ್ಯಕ್ಕೆ ನಿಮ್ಮ ಮಗನ ಸ್ನಾನದ ಮನೆ ಬಾಗಿಲು ತೆರೆದಿಡಬೇಕಾ? 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಪ್ಪಂದದ 22ನೇ ವಿಧಿ ಪೂರ್ತಿ ಇರುವುದು ಖಾಸಗಿತನದ ಮೇಲೆಯೇ. ಅಡ್ಮಿನ್‌ಗೆ ಯಾರಾದರೂ ಕಳಿಸಿ.

ನಡುವೆ ಒಂದು ಮಾತು. ‘ಮೊದಲಿನ ಹಾಗೆ ಕುಣಿಯುವುದಿಲ್ಲ, ಹಗಲೆಲ್ಲ ತೂಕಡಿಸುತ್ತಾನೆ’ ಅಂದಿದ್ದೀರಿ. ಇದನ್ನು ಕ್ಯಾಮೆರಾ ತಲೆಗೆ ಕಟ್ಟಬೇಡಿ. ಇವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೂ ಇವರಲ್ಲಿ ಜಾಸ್ತಿ. ಗೊರಕೆ ಇದೆಯಾ, ಮಧ್ಯೆ ಮಧ್ಯೆ ಉಸಿರು ನಿಲ್ಲುತ್ತದಾ ಎಂದು ನೋಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ನೀವು ಮಾಡಬೇಕಾದ್ದು ಒಂದೇ: ಅವನನ್ನು ಕೇಳದೆ ಅವನದ್ದೇನನ್ನೂ ಹಾಕಬೇಡಿ.

ಕೇಳುವುದಕ್ಕೂ ಒಂದು ರೀತಿ ಇದೆ. ‘ಹಾಕಲಾ ಚಿನ್ನ, ಚೆನ್ನಾಗಿದೆ ಅಲ್ವಾ?’ ಅಂದರೆ ನಿಮ್ಮನ್ನು ಖುಷಿಪಡಿಸಲು ಹೂಂ ಅಂದುಬಿಡುತ್ತಾನೆ. ಫೋಟೊ ತೋರಿಸಿ. ಯಾರು ಯಾರು ನೋಡುತ್ತಾರೆ ಎಂದು ಹೇಳಿ. ‘ಹಾಕುವುದಾ, ಬಿಡುವುದಾ?’ ಎಂದು ಕೇಳಿ ಬಾಯಿ ಮುಚ್ಚಿಕೊಳ್ಳಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಇವರಿಗೆ ಉತ್ತರ ಹೊಂದಿಸಿಕೊಳ್ಳಲು ಸ್ವಲ್ಪ ಸಮಯ ಬೇಕು. ಸ್ವಲ್ಪ ಹೊತ್ತು ಬಿಟ್ಟು ಮಾತು ತಿರುಗಿಸಿ ಕೇಳಿ, ‘ಬಿಡುವುದಾ, ಹಾಕುವುದಾ?’ ಎರಡು ಸಲವೂ ಒಂದೇ ಉತ್ತರ ಬಂದರೆ ಅದು ಅವನದ್ದು. ಎರಡು ಸಲವೂ ಕೊನೆಯ ಪದವನ್ನೇ ಹೇಳಿದರೆ ಅದು ಉತ್ತರವಲ್ಲ, ಹಾಕಬೇಡಿ. ಬಿಡು ಅಂದರೆ ಡಿಲೀಟ್ ಬಟನ್ ಅವನ ಕೈಯಲ್ಲೇ ಒತ್ತಿಸಿ. ಹಳೆಯವನ್ನೂ ಹೀಗೇ, ಒಂದೊಂದಾಗಿ ಅವನ ಜೊತೆ ಕೂತು ನೋಡಿ. ಸ್ನಾನದ್ದನ್ನು ಮಾತ್ರ ಕೇಳುವುದೂ ಬೇಡ, ಇವತ್ತೇ ತೆಗೆಯಿರಿ.

ಯಾಕೆ ವಿಡಿಯೊ ಹಾಕುತ್ತಿಲ್ಲ ಎಂದು ಗ್ರೂಪ್‌ನಲ್ಲಿ ಕೇಳುತ್ತಾರೆ. ‘ಅವನು ಬೇಡ ಅಂದ’ ಎಂದು ಬರೆಯಿರಿ. ಮೊನ್ನೆಯಷ್ಟೇ ಮಗು ಹುಟ್ಟಿ ದಿಕ್ಕು ತೋಚದೆ ಕೂತ ಯಾವುದೋ ಅಮ್ಮ ಅದನ್ನು ಓದುತ್ತಾಳೆ. ಅಡ್ಮಿನ್ ಹೇಳಿದ ಧೈರ್ಯ ಅಲ್ಲೇ ಸಿಕ್ಕೀತು.

ಆ ಮೂವತ್ತು ಅಂಗೈ ಫೋಟೊ ಇನ್ನೂ ಫೋನಿನಲ್ಲಿವೆಯಾ? ಒಂದನ್ನು ಮಗಳಿಗೆ ಕಳಿಸಿ. ‘ನೀನು ಹೇಳಿದ್ದು ಸರಿ’ ಅಂತ ಕೆಳಗೆ ಬರೆಯಿರಿ, ಮಾತು ಬಿಟ್ಟವಳು ಫೋನ್ ಮಾಡುತ್ತಾಳೆ. ಹಾಂ, ಕಳಿಸುವ ಮುಂಚೆ ಅವನನ್ನು ಕೇಳಿ.