ಕೊಪ್ಪಳ–ತೋರಣಗಲ್ಲು ಅಪ್-ಡೌನ್: ಯಾವ ಸ್ಟೇಷನ್ ಹತ್ತಿರ ಮನೆ ತಗೊಂಡರೆ ಅನುಕೂಲ?

ಮೇಡಂ, ನೀವು ಕೇಳಿದ್ದನ್ನು ಒಮ್ಮೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದೆ ಓದುವವರಿಗೂ ಗೊತ್ತಾಗಲಿ. ನಿಮ್ಮ ಕೆಲಸ ಕೊಪ್ಪಳದಲ್ಲಿ, ಯಜಮಾನರದು ತೋರಣಗಲ್ಲಿನ ಕಾರ್ಖಾನೆಯಲ್ಲಿ. ಮಗುವನ್ನು ಮುಂದಿನ ವರ್ಷ ಶಾಲೆಗೆ ಹಾಕಬೇಕು. ದಿನಾ ರೈಲಿಗೆ ಓಡಾಡುವ ಲೆಕ್ಕದಲ್ಲಿ ಬಳ್ಳಾರಿ, ಹೊಸಪೇಟೆ, ಗಿಣಿಗೇರ, ಗಂಗಾವತಿ, ಕೊಪ್ಪಳ ಈ ಐದರಲ್ಲಿ ಎಲ್ಲಿ ಮನೆ ಕೊಳ್ಳುವುದು? ಗಿಣಿಗೇರದ ಲೇಔಟಿನವರು "ಸ್ಟೇಷನ್‌ಗೆ ಐದೇ ನಿಮಿಷ" ಅಂದಿದ್ದಾರೆ, ಗಂಗಾವತಿಯಲ್ಲಿ ತವರುಮನೆ ಇದೆ.

ಯಜಮಾನರದು ಜನರಲ್ ಶಿಫ್ಟ್ ಆಗಿದ್ದರೆ ಕೊಪ್ಪಳದಲ್ಲೇ ತಗೊಳ್ಳಿ. ಪಾಳಿ ತಿರುಗುತ್ತದೆ ಅಂತಾದರೆ ಹೊಸಪೇಟೆ. ಉಳಿದ ಮೂರನ್ನು ರೈಲಿನ ಕಾರಣಕ್ಕೆ ಕೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಡೆ ಲೋಕಲ್ ಟ್ರೇನ್ ಅನ್ನುವುದೇ ಇಲ್ಲ. ಗುಂತಕಲ್–ಬಳ್ಳಾರಿ–ಹೊಸಪೇಟೆ–ಕೊಪ್ಪಳ–ಗದಗ–ಹುಬ್ಬಳ್ಳಿ ಲೈನಿನಲ್ಲಿ ಓಡುವುದು ದೂರದ ಎಕ್ಸ್‌ಪ್ರೆಸ್ಸುಗಳು, ಜೊತೆಗೆ ಬೆರಳೆಣಿಕೆಯ ಪ್ಯಾಸೆಂಜರ್. ಹಾಗಾಗಿ ಮನೆಯಿಂದ ಸ್ಟೇಷನ್ ಎಷ್ಟು ಹತ್ತಿರ ಅನ್ನುವುದಕ್ಕಿಂತ, ಆ ಸ್ಟೇಷನ್ನಿನಲ್ಲಿ ಎಷ್ಟು ಗಾಡಿ ನಿಲ್ಲುತ್ತವೆ ಅನ್ನುವುದು ಮುಖ್ಯ. ಬಳ್ಳಾರಿ, ಹೊಸಪೇಟೆ, ಕೊಪ್ಪಳದಲ್ಲಿ ಹೆಚ್ಚಿನವು ನಿಲ್ಲುತ್ತವೆ. ಕುಡತಿನಿ, ದರೋಜಿ, ಮುನಿರಾಬಾದ್, ಗಿಣಿಗೇರದಂಥ ಕಡೆ ಬಹಳಷ್ಟು ಎಕ್ಸ್‌ಪ್ರೆಸ್ಸು ಸೀಟಿ ಹೊಡೆದು ಮುಂದೆ ಹೋಗುತ್ತವೆ. ಐದು ನಿಮಿಷದ ದಾರಿಯಲ್ಲಿ ಸ್ಟೇಷನ್ ಇದ್ದು, ಹತ್ತುವ ಗಾಡಿ ಮೂರು ತಾಸು ಬಿಟ್ಟು ಬರುವುದಾದರೆ ಅದನ್ನು ಹತ್ತಿರ ಅಂತ ಹೇಗೆ ಅನ್ನುವುದು?

ಪಟ್ಟಿ ಹೀಗೆ ಮಾಡಿ. ರೈಲ್ವೆಯದೇ ಎನ್‌ಟಿಇಎಸ್ ಆ್ಯಪ್‌ನಲ್ಲಿ ಎರಡು ಸ್ಟೇಷನ್ ಹಾಕಿದರೆ ಮಧ್ಯೆ ಓಡುವ ಎಲ್ಲ ಗಾಡಿ ಬರುತ್ತವೆ. ವಾರಕ್ಕೆ ಒಂದು, ಎರಡು, ಮೂರು ದಿನ ಓಡುವುದನ್ನೆಲ್ಲ ಮೊದಲು ಹೊಡೆದುಹಾಕಿ. ಈ ಹೆಜ್ಜೆಯಲ್ಲೇ ಅರ್ಧ ಪಟ್ಟಿ ಕರಗಬಹುದು. ಆಮೇಲೆ ನಂಬರ್ ನೋಡಿ: 12, 20, 22ರಿಂದ ಶುರುವಾದರೆ ಸೂಪರ್‌ಫಾಸ್ಟ್, 5ರಿಂದಾದರೆ ಪ್ಯಾಸೆಂಜರ್, 6 ಮೆಮು (ಕರೆಂಟಿನ ಪ್ಯಾಸೆಂಜರ್), 7 ಡೆಮು (ಡೀಸೆಲ್ ಪ್ಯಾಸೆಂಜರ್). ಸೊನ್ನೆಯಿಂದ ಶುರುವಾದರೆ ಅದು ಸ್ಪೆಷಲ್. ಅವಧಿ ಮುಗಿದಾಗ ಮುಂದುವರಿಸುವ ಆದೇಶ ಬಂದರೆ ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಇಪ್ಪತ್ತು ವರ್ಷದ ಸಾಲ ಮಾಡಿ ಕೊಳ್ಳುವ ಮನೆಯನ್ನು ಸೊನ್ನೆ ನಂಬರಿನ ಗಾಡಿಯ ಮೇಲೆ ನಿಲ್ಲಿಸಬೇಡಿ.

ಈಗ ಬೆಳಗಿನ ಗಾಡಿ ಬಿಟ್ಟು ಸಂಜೆಯದನ್ನು ಎಣಿಸಿ. ಬೆಳಿಗ್ಗೆ ಒಂದು ಒಳ್ಳೆ ಗಾಡಿ ಸಿಕ್ಕರೆ ಸಾಕು. ಸಂಜೆ ಕೆಲಸ ಬಿಡುವುದು ಹತ್ತು ನಿಮಿಷ ಆಚೀಚೆ ಆಗೇ ಆಗುತ್ತದೆ, ಹಾಗಾಗಿ ಎರಡು ಗಾಡಿ ಬೇಕು, ಎರಡರ ನಡುವೆ ಒಂದೂವರೆ ತಾಸಿಗಿಂತ ಹೆಚ್ಚು ಅಂತರ ಇರಬಾರದು. ಎರಡನೆಯದು ಇಲ್ಲದಿದ್ದರೆ ಅಲ್ಲಿ ಬಸ್ಸಾದರೂ ಇರಬೇಕು. ಮೇನ್ ಲೈನಿಗೆ ಇರುವ ದೊಡ್ಡ ಅನುಕೂಲ ಇದೇ: ರಾಷ್ಟ್ರೀಯ ಹೆದ್ದಾರಿ 67 ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಕೊಪ್ಪಳ ಹಿಡಿದು ಹಳಿಯ ಜೊತೆಜೊತೆಗೇ ಗದಗ, ಹುಬ್ಬಳ್ಳಿ ಕಡೆ ಹೋಗುತ್ತದೆ. ಗಾಡಿ ತಪ್ಪಿದರೆ ಬಸ್ ಸ್ಟ್ಯಾಂಡಿಗೆ ನಡೆದರಾಯಿತು. ನಿಮಗಂತೂ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪುಕ್ಕಟೆ. ಅಂದರೆ ರೈಲಿನ ಪಾಸಿಗೆ ನೀವು ಕೊಡುವ ದುಡ್ಡು ಸಮಯ ಉಳಿದರೆ ಮಾತ್ರ ಸಾರ್ಥಕ. ದುಡ್ಡಿನ ಲೆಕ್ಕ ನಿಜವಾಗಿ ಕೂಡಿ ಬರುವುದು ಯಜಮಾನರಿಗೆ.

ಲೇಟಿನ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. "ಈ ಗಾಡಿ ಹುಬ್ಬಳ್ಳಿಗೆ ಯಾವಾಗಲೂ ಟೈಮಿಗೆ ಬರುತ್ತದೆ" ಅಂತ ಯಾರಾದರೂ ಹೇಳಿದರೆ ಅದು ನಿಮಗೆ ಉಪಯೋಗವಿಲ್ಲದ ಮಾತು. ವೇಳಾಪಟ್ಟಿಯಲ್ಲಿ ಕೊನೆಯ ಸ್ಟೇಷನ್ನಿಗೆ ಮುಂಚೆ ಹೆಚ್ಚಿನ ನಿಮಿಷ ಸೇರಿಸಿರುತ್ತಾರೆ. ಮಧ್ಯದಲ್ಲಿ ಅರ್ಧ ತಾಸು ತಡವಾಗಿದ್ದರೂ ಅಲ್ಲಿ ಸರಿಹೋಗುತ್ತದೆ. ನಿಮ್ಮ ಸ್ಟೇಷನ್ನಿಗೆ ಎಷ್ಟೊತ್ತಿಗೆ ಬಂತು ಅನ್ನುವುದನ್ನೇ ನೋಡಿ. ಇನ್ನೊಂದು, ಗಾಡಿ ಎಲ್ಲಿಂದ ಹೊರಡುತ್ತದೆ ಅನ್ನುವುದು. ಹಂಪಿ ಎಕ್ಸ್‌ಪ್ರೆಸ್ಸನ್ನೇ ತಗೊಳ್ಳಿ. ಹುಬ್ಬಳ್ಳಿಯಿಂದ ಹೊರಟು ಕೊಪ್ಪಳಕ್ಕೆ ಬರುವಾಗ ಅದಕ್ಕೆ ತಡವಾಗಲು ಇನ್ನೂ ದಾರಿಯೇ ಸಾಗಿರುವುದಿಲ್ಲ. ಅದೇ ಗಾಡಿ ಮೈಸೂರಿನಿಂದ ಬೆಂಗಳೂರು, ಗುಂತಕಲ್ ಸುತ್ತಿ ಬಳ್ಳಾರಿಗೆ ಬರುವಾಗ ಇಡೀ ರಾತ್ರಿಯ ತಡವನ್ನು ಹೊತ್ತು ತಂದಿರಬಹುದು. ಒಂದೇ ಗಾಡಿಯನ್ನು ಹೋಗುವುದಕ್ಕೆ ನಂಬಬಹುದು, ಬರುವುದಕ್ಕೆ ಆಗದಿರಬಹುದು.

ಇದರ ಮೇಲೆ ಗೂಡ್ಸ್. ಬಳ್ಳಾರಿ–ಹೊಸಪೇಟೆ ಮಧ್ಯೆ ಅದಿರು, ಕಲ್ಲಿದ್ದಲು, ಉಕ್ಕಿನ ಗಾಡಿಗಳೇ ಜಾಸ್ತಿ. ರಣಜಿತ್‌ಪುರದ ಅದಿರಿನ ಲೈನ್ ಬಂದು ಸೇರುವುದೂ ತೋರಣಗಲ್ಲಿನಲ್ಲೇ. ಜೋಡಿ ಹಳಿ ಇದ್ದರೂ ಹಿಂದೆ ಎಕ್ಸ್‌ಪ್ರೆಸ್ಸು ಬರುತ್ತಿದೆ ಅಂದರೆ ಪ್ಯಾಸೆಂಜರನ್ನು ಸ್ಟೇಷನ್ನಿನ ಪಕ್ಕದ ಹಳಿಗೆ (ಲೂಪ್ ಲೈನ್) ತಳ್ಳಿ ನಿಲ್ಲಿಸುತ್ತಾರೆ. ಎರಡು ವಾರ ಸಂಜೆ ಹೊತ್ತು ಎನ್‌ಟಿಇಎಸ್‌ನ ಲೈವ್ ಸ್ಟೇಷನ್‌ನಲ್ಲಿ ತೋರಣಗಲ್ಲು ಹಾಕಿ, ಮುಂದಿನ ನಾಲ್ಕು ತಾಸಿನ ಗಾಡಿಗಳ ಸ್ಥಿತಿ ನೋಡಿ ಬರೆದಿಡಿ. ಏಜೆಂಟನ ಮಾತಿಗಿಂತ ಆ ಹಾಳೆ ನಂಬಿ.

ಇನ್ನು ಒಂದೊಂದು ಊರು. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಕೊಪ್ಪಳ ಇವು ಹೆಚ್ಚುಕಡಿಮೆ 30ರಿಂದ 35 ಕಿಲೋಮೀಟರಿಗೆ ಒಂದೊಂದು. ಬಳ್ಳಾರಿಯಲ್ಲಿ ಮನೆ ಮಾಡಿದರೆ ಯಜಮಾನರಿಗೆ ಹಗುರ, ನಿಮಗೆ ಒಂದು ಕಡೆಗೇ ನೂರರ ಹತ್ತಿರ. ಅದು ದಿನಾ ಆಗುವ ಮಾತಲ್ಲ. ಬಳ್ಳಾರಿಯೇ ಬೇಕು ಅನ್ನುವವರು ಕಂಟೋನ್ಮೆಂಟ್ ಸ್ಟೇಷನ್ನನ್ನೂ ಪಟ್ಟಿಯಲ್ಲಿಟ್ಟುಕೊಳ್ಳಲಿ, ಹೊಸಪೇಟೆ ದಿಕ್ಕಿಗೆ ಇರುವುದು ಅದು. ಆದರೆ ಎಲ್ಲ ಗಾಡಿ ಅಲ್ಲಿ ನಿಲ್ಲುವುದಿಲ್ಲ.

ಗಂಗಾವತಿಗೆ ರೈಲು ಬಂದಿದ್ದು 2019ರಲ್ಲಿ. ಸಿಂಧನೂರು ಕಡೆಯಿಂದ ಬರುವ ಹುಬ್ಬಳ್ಳಿ ಗಾಡಿ ಗಿಣಿಗೇರದಲ್ಲಿ ಮೇನ್ ಲೈನಿಗೆ ಸೇರಿ ಕೊಪ್ಪಳದ ಕಡೆ ತಿರುಗುತ್ತದೆ. ನಿಮಗೆ ನೇರ ಗಾಡಿ ಆಯಿತು, ಸರಿ. ಯಜಮಾನರು ಹೋಗಬೇಕಾಗಿರುವುದು ಎದುರು ದಿಕ್ಕಿಗೆ. ಅವರು ಗಿಣಿಗೇರದಲ್ಲೋ ಕೊಪ್ಪಳದಲ್ಲೋ ಇಳಿದು ಬೇರೆ ಗಾಡಿ ಹಿಡಿಯಬೇಕು, ಆ ಎರಡು ಗಾಡಿಗಳ ಸಮಯ ಕೂಡಿಸಿ ಯಾರೂ ಇಟ್ಟಿಲ್ಲ. ಅದು ಒಂಟಿ ಹಳಿಯ ಲೈನ್ ಬೇರೆ. ಎದುರು ಗಾಡಿಗೆ ಕ್ರಾಸಿಂಗ್ ಅಂತ ನಿಂತರೆ ನಿಂತಿತು. ತವರುಮನೆ ಇದೆ, ಮಗು ನೋಡಿಕೊಳ್ಳುತ್ತಾರೆ ಅನ್ನುವ ಲೆಕ್ಕ ಬೇರೆ, ಅದನ್ನು ನೀವೇ ತೂಗಬೇಕು.

"ರಾಯಚೂರು ಲೈನ್ ಪೂರ್ತಿಯಾದರೆ ರೇಟ್ ಎಲ್ಲಿಗೋ ಹೋಗುತ್ತದೆ" ಅನ್ನುವ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಗಂಗಾವತಿಯ ಈ ಲೈನನ್ನೂ ಒಳಗೊಂಡು ರಾಯಚೂರಿಗೆ ಹೋಗಬೇಕಾದ ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾಗಿದ್ದು 1997-98ರಲ್ಲಿ, ಅದು ಸಿಂಧನೂರು ಮುಟ್ಟಿದ್ದು 2024ರಲ್ಲಿ. ಇವತ್ತು ಓಡುವ ಗಾಡಿಗೆ ಬೆಲೆ ಕೊಡಿ, ನಕ್ಷೆಯಲ್ಲಿರುವುದಕ್ಕೆ ಬೇಡ.

ಗಿಣಿಗೇರ ಕೊಪ್ಪಳದಿಂದ ಹತ್ತು-ಹನ್ನೆರಡು ಕಿಲೋಮೀಟರ್, ಸೈಟು ಅಗ್ಗ. ಅಗ್ಗ ಯಾಕೆ ಅಂತ ಅಲ್ಲಿ ಹೋಗಿ ನಿಂತರೆ ತಿಳಿಯುತ್ತದೆ. ಹಾಲವರ್ತಿ, ಬಸಾಪುರ, ಗಿಣಿಗೇರ ಸುತ್ತ ಕಬ್ಬಿಣದ ಕಾರ್ಖಾನೆಗಳಿವೆ, ಕರಿ ಧೂಳಿನ ದೂರು ಹಳೆಯದು. ಮನೆ ನೋಡಲು ಹೋದಾಗ ತಾರಸಿ ಹತ್ತಿ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳು ಎಳೆಯಿರಿ. ಗೆರೆಯ ಅಂಚು ಕರಿ ಅಥವಾ ಕೆಂಪು ಕಂಡರೆ ಒಗೆದ ಬಟ್ಟೆ ಎಲ್ಲಿ ಒಣಹಾಕುತ್ತೀರಿ ಅಂತ ಯೋಚನೆ ಮಾಡಿ. ಮಳೆಗಾಲದ ಗಾಳಿ ನಮ್ಮಲ್ಲಿ ಪಡುವಣ-ನೈಋತ್ಯದಿಂದ ಬೀಸುತ್ತದೆ, ಕಾರ್ಖಾನೆಗೋ ಗೂಡ್ಸ್ ಶೆಡ್ಡಿಗೋ ಮೂಡಣಕ್ಕೆ ಇರುವ ಮನೆಗೆ ಧೂಳು ಹೆಚ್ಚು. ಇದೇ ಪರೀಕ್ಷೆ ತೋರಣಗಲ್ಲಿನ ಸುತ್ತಲೂ ಮಾಡಿ.

ಉಳಿದದ್ದು ಹೊಸಪೇಟೆ, ಕೊಪ್ಪಳ. ಎಲ್ಲರೂ ಹೊಸಪೇಟೆ ಅನ್ನುತ್ತಾರೆ, ಸರಿಯಾಗಿ ಮಧ್ಯ. ನನಗೆ ಅದರಲ್ಲಿ ಒಂದು ತಕರಾರಿದೆ. ಇಬ್ಬರೂ ಎದುರುಬದುರು ದಿಕ್ಕಿಗೆ ಹೋದರೆ, ಸಂಜೆ ಲೈನಿನಲ್ಲಿ ಏನಾದರೂ ಆದ ದಿನ ಇಬ್ಬರೂ ಹೊರಗೇ ಸಿಕ್ಕಿಹಾಕಿಕೊಳ್ಳುತ್ತೀರಿ, ಮಗು ಶಾಲೆಯ ಗೇಟಿನಲ್ಲಿ. ಕೊಪ್ಪಳದಲ್ಲಿದ್ದರೆ ನೀವು ಊರಲ್ಲೇ ಇರುತ್ತೀರಿ, ಅವರೊಬ್ಬರು 65ರ ಆಸುಪಾಸು ಕಿಲೋಮೀಟರ್ ಓಡಾಡಿದರೆ ಮುಗಿಯಿತು. ಇಬ್ಬರ ದೂರ ಕೂಡಿಸಿದರೆ ಎರಡೂ ಒಂದೇ. ಆದರೆ ಪಾಳಿಯ ಕೆಲಸಕ್ಕೆ ಈ ಲೆಕ್ಕ ನಡೆಯುವುದಿಲ್ಲ. ರಾತ್ರಿ ಹತ್ತಕ್ಕೆ ಬಿಟ್ಟವರು, ಬೆಳಿಗ್ಗೆ ಆರಕ್ಕೆ ಸೇರಬೇಕಾದವರು ರೈಲು ನಂಬಿ ಕೂರಲಾಗದು. ಕಂಪನಿ ಬಸ್ ಯಾವ ಊರಿನ ತನಕ ಬರುತ್ತದೆ, ಯಾವ ಸರ್ಕಲ್ಲಿನಲ್ಲಿ ಹತ್ತಿಸಿಕೊಳ್ಳುತ್ತಾರೆ ಅಂತ ಕೇಳಿ, ಅದರ ಹತ್ತಿರ ಮನೆ ಹುಡುಕಿ. ನಿಮ್ಮದು ವರ್ಗಾವಣೆಯಾಗುವ ನೌಕರಿಯಾಗಿದ್ದರೂ ಹೊಸಪೇಟೆಯೇ ವಾಸಿ.

ಪಾಸಿನ ಬಗ್ಗೆ: ಸೀಸನ್ ಟಿಕೆಟ್ 150 ಕಿಲೋಮೀಟರ್ ತನಕ ಸಿಗುತ್ತದೆ. ಮೂರು ತಿಂಗಳಿನದಕ್ಕೆ ಒಂದು ತಿಂಗಳಿನ 2.7 ಪಟ್ಟು. ಹತ್ತುವುದು ಜನರಲ್ ಬೋಗಿಗೆ ಮಾತ್ರ. ಸ್ಲೀಪರಿನಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಸೂಪರ್‌ಫಾಸ್ಟಿಗೆ ಹೆಚ್ಚುವರಿ ಶುಲ್ಕ ಸೇರಿಸಿಕೊಂಡು ಪಾಸು ಮಾಡಿಸಿರಬೇಕು. ಫೋನಿನಲ್ಲಿ ತೆಗೆದ ಪಾಸು ಮರುದಿನದಿಂದ ಜಾರಿ, ಹಾಗಾಗಿ ಹಳೆಯದು ಮುಗಿಯುವ ದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೆನಪಿಸಿಕೊಳ್ಳಬೇಡಿ.

ಊರು ಗಟ್ಟಿಯಾದ ಮೇಲೆ ಹಳಿಯ ಯಾವ ಬದಿ ಅನ್ನುವುದು ಉಳಿಯುತ್ತದೆ. ಕೊಪ್ಪಳದಲ್ಲಿ ಭಾಗ್ಯನಗರ ಹಳಿಯ ಆಚೆ. ಬಳ್ಳಾರಿಯವರಿಗೆ ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ ಕಾಯುವುದರ ಬಗ್ಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಗಾಡಿಯ ಹೊತ್ತಿಗೇ ಮನೆ ಬಾಗಿಲಿನಿಂದ ನಡೆದು, ಮೇಲ್ಸೇತುವೆಯ ಮೆಟ್ಟಿಲು ಹತ್ತಿಳಿದು, ಜನರಲ್ ಬೋಗಿ ನಿಲ್ಲುವ ಪ್ಲಾಟ್‌ಫಾರ್ಮಿನ ತುದಿ ಮುಟ್ಟುವ ತನಕ ಗಡಿಯಾರ ನೋಡಿ. ಬ್ರೋಷರಿನ ಐದು ನಿಮಿಷ ಅಲ್ಲೇ ಹದಿನೈದಾಗಿರುತ್ತದೆ. ಹಳಿ ದಾಟಿ ಹೋಗುವ ಅಡ್ಡದಾರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಅಪರಾಧ, ಜೀವಕ್ಕೂ ಅಪಾಯ.

ಸದ್ದು ಜಾಸ್ತಿ ಇರುವುದು ಸ್ಟೇಷನ್ ಪಕ್ಕದಲ್ಲಲ್ಲ, ಗೇಟಿಗೆ ಮುಂಚೆ. ಹಳಿ ಬದಿಯಲ್ಲಿ 'ಡಬ್ಲ್ಯೂ/ಎಲ್' ಅಂತ ಬರೆದ ಹಳದಿ ಫಲಕ ಕಂಡರೆ, ಗಾಡಿಯವರು ಅಲ್ಲಿಂದ ಗೇಟಿನ ತನಕ ಹಾರ್ನ್ ಹೊಡೆಯಲೇಬೇಕು, ರಾತ್ರಿ ಎರಡಕ್ಕೂ. ಆ ಫಲಕಕ್ಕೂ ಗೇಟಿಗೂ ನಡುವೆ ಬರುವ ಮನೆ ಬಿಟ್ಟುಬಿಡಿ.

ಕಾಗದಪತ್ರದಲ್ಲಿ ಇ-ಖಾತಾ, ಋಣಭಾರ ಪತ್ರ, ಲೇಔಟ್ ಅನುಮೋದನೆ ಎಲ್ಲರೂ ಕೇಳುತ್ತಾರೆ. ಹಳಿ ಪಕ್ಕದ ಸೈಟಿಗೆ ಇನ್ನೊಂದು ಇದೆ: ರೈಲ್ವೆ ಜಾಗದ ಗಡಿಯಿಂದ 30 ಮೀಟರ್ ಒಳಗೆ ಕಟ್ಟಬೇಕಾದರೆ ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕು. ಗಡಿ ಅಂದರೆ ಹಳಿಯಲ್ಲ, ರೈಲ್ವೆಯವರ ಗಡಿಕಲ್ಲು ಅಥವಾ ಕಾಂಪೌಂಡು. ಹಳಿಯಿಂದ ಟೇಪ್ ಹಿಡಿದು "ಐವತ್ತು ಮೀಟರ್ ಇದೆ ನೋಡಿ" ಅಂತ ತೋರಿಸುವವರಿದ್ದಾರೆ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆಗೆದು ಪಕ್ಕದ ನಂಬರ್ ರೈಲ್ವೆಯದಾ ಅಂತ ನೋಡಿ. ಹೌದಾದರೆ ಸರ್ವೆಯರನ್ನು ಕರೆಸಿ ಗಡಿಕಲ್ಲಿನಿಂದ ಅಳೆಸಿ, ಆಮೇಲೆ ಮುಂಗಡ ಕೊಡಿ.