ಬಾಡಿಗೆಯಷ್ಟೇ ಕಂತು ಬಂದರೆ ಸ್ವಂತ ಮನೆ ಲಾಭವೇ?

ಈಗ ಕಟ್ಟುತ್ತಿರುವ ಬಾಡಿಗೆಗೂ ಸಾಲದ ಕಂತಿಗೂ ಅಂಥ ವ್ಯತ್ಯಾಸವಿಲ್ಲ, ಹಾಗಿದ್ದ ಮೇಲೆ ಮನೆ ಕೊಂಡುಬಿಡುವುದೇ ಜಾಣತನವಲ್ಲವೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ ಅನ್ನುವುದಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ರಿಪೇರಿಗೆ ಜಾಗವೇ ಇಲ್ಲ.

ಮೊದಲು ಕಂತನ್ನು ಬಿಡಿಸಿ ನೋಡಿ. ಶೇ 9ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ ಮೊದಲ ಕಂತಿನಲ್ಲಿ ಶೇ 83ರಷ್ಟು ಬಡ್ಡಿಗೇ ಹೋಗುತ್ತದೆ. 5 ವರ್ಷ ಒಂದೂ ತಪ್ಪದೆ ಕಟ್ಟಿದರೂ ಅಸಲಿನಲ್ಲಿ ತೀರಿರುವುದು ಸುಮಾರು ಶೇ 11. ಬಣ್ಣ ಮಾಸುವುದು, ತಾರಸಿ ಜಿನುಗುವುದು ಶುರುವಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ.

ನಮ್ಮ ಮನೆಯದೇ ಹೇಳುತ್ತೇನೆ. ಬಾತ್‌ರೂಮಿಗೆ ಅಂಟಿದ ಕೋಣೆಯ ಗೋಡೆಯಲ್ಲಿ, ನೆಲದಿಂದ ಗೇಣುದ್ದ ಮೇಲೆ, ಬಣ್ಣ ಗುಳ್ಳೆ ಎದ್ದಿತು. ಬೆರಳಿಟ್ಟು ಒತ್ತಿದರೆ ಒಳಗೆಲ್ಲ ಬಿಳಿ ಪುಡಿ, ತೇವದ ಜೊತೆ ಹೊರಬಂದ ಉಪ್ಪು. ಪೇಂಟರ್ ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಬಳಿದು ಹೋದರು. ಮತ್ತೆ ಅಲ್ಲೇ ಗುಳ್ಳೆ. ಕೊನೆಗೆ ಬಾತ್‌ರೂಮಿನ ನೆಲ ಒಡೆಸಿದಾಗ ಸಿಕ್ಕಿದ್ದು ಪೈಪಿನ ಒಂದು ಸಡಿಲ ಜಾಯಿಂಟ್. ಆ ಜಾಯಿಂಟಿಗೆ ಆದ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ. ದುಡ್ಡು ತಿಂದದ್ದು ಒಡೆಯುವ ಕೂಲಿ, ಚೂರು ಸಾಗಿಸುವುದು, ವಾಟರ್‌ಪ್ರೂಫಿಂಗ್, ಗಾರೆ, ಬಣ್ಣ. ಹಳೇ ಡಿಸೈನಿನ ಟೈಲ್ಸ್ ಎಲ್ಲೂ ಸಿಗಲಿಲ್ಲ, ನಾಲ್ಕು ಒಡೆದದ್ದಕ್ಕೆ ಇಡೀ ನೆಲ ಬದಲಾಯಿತು. (ಹೊಸ ಮನೆಯಾದರೆ ಮಿಕ್ಕ ಟೈಲ್ಸನ್ನು ಒಂದು ಬಾಕ್ಸಾದರೂ ಎತ್ತಿಡಿ.)

ನೋಡದ ಹಾಗೆ ಬಿಟ್ಟರೆ ಇನ್ನೂ ಕಷ್ಟ. ತೇವ ಸ್ಲ್ಯಾಬಿನ ಕಂಬಿಗೆ ತಗುಲಿ ತುಕ್ಕು ಹಿಡಿದರೆ ಕಂಬಿ ಉಬ್ಬಿ, ಕಾಂಕ್ರೀಟ್ ಬಿರುಕು ಬಿಟ್ಟು ಚಕ್ಕೆಯಾಗಿ ಉದುರುತ್ತದೆ.

ಕೈಯಲ್ಲಿ ದುಡ್ಡಿಲ್ಲದವರು ಆಗ ಪರ್ಸನಲ್ ಲೋನ್‌ಗೋ ಕ್ರೆಡಿಟ್ ಕಾರ್ಡಿಗೋ ಕೈ ಹಾಕುತ್ತಾರೆ; ಸಾಮಾನ್ಯವಾಗಿ ಎರಡರ ಬಡ್ಡಿಯೂ ಮನೆ ಸಾಲಕ್ಕಿಂತ ಜಾಸ್ತಿ. ಟಾಪ್‌ಅಪ್ ಸಾಲ (ಇರುವ ಮನೆ ಸಾಲದ ಮೇಲೆ ತೆಗೆಯುವ ಹೆಚ್ಚುವರಿ ಸಾಲ) ಅಗ್ಗವಾಗಿ ಕಾಣುತ್ತದೆ, ನಿಜ. ಆದರೆ ಅದನ್ನು ಉಳಿದ 15 ವರ್ಷಕ್ಕೆ ಹಂಚಿದಿರೋ, ಇವತ್ತು ಬಳಿಸಿದ ಬಣ್ಣ ಮಾಸಿ ಇನ್ನೊಂದು ಸಲ ಬಳಿಸಿದ ಮೇಲೂ ಮೊದಲಿನದಕ್ಕೆ ಕಟ್ಟುತ್ತಲೇ ಇರುತ್ತೀರಿ.

ವರ್ಷಕ್ಕೆ ಮನೆಯ ಬೆಲೆಯ ಶೇ 1ರಷ್ಟು ರಿಪೇರಿಗೆ ತೆಗೆದಿಡಿ ಎಂಬ ಅಂದಾಜೊಂದು ರೂಢಿಯಲ್ಲಿದೆ. ಬೆಲೆಯಲ್ಲಿ ಜಾಗದ್ದೇ ದೊಡ್ಡ ಪಾಲಾದರೆ ಕಟ್ಟಡದ ಬೆಲೆ ಮಾತ್ರ ಹಿಡಿಯಿರಿ, ಖಾಲಿ ಜಾಗಕ್ಕೇನೂ ರಿಪೇರಿ ಬರುವುದಿಲ್ಲ. ಹಳೇ ಮನೆಗೆ ಶೇ 1 ಸಾಲದು ಅನ್ನುವುದು ನನ್ನ ಅನಿಸಿಕೆ. ಅದನ್ನು ತಿಂಗಳ ಲೆಕ್ಕಕ್ಕೆ ಇಳಿಸಿ, ತೆರಿಗೆ, ವಿಮೆ, ಅಪಾರ್ಟ್‌ಮೆಂಟಾದರೆ ಮೇಂಟೆನೆನ್ಸ್ ಎಲ್ಲ ಕಂತಿಗೆ ಕೂಡಿಸಿ, ಆಮೇಲೆ ಬಾಡಿಗೆಯ ಪಕ್ಕ ಇಟ್ಟು ನೋಡಿ. ಇರುವ ಉಳಿತಾಯವನ್ನೆಲ್ಲ ಡೌನ್ ಪೇಮೆಂಟಿಗೆ ಸುರಿಯಬೇಡಿ.

ಹಳೇ ಮನೆ ನೋಡುತ್ತಿದ್ದರೆ ಜೋರು ಮಳೆ ಬಂದ ಮರುದಿನ ಹೋಗಿ. ಯಾವುದೋ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ, ಯಾಕೆ ಅಂತ ಕೇಳಿ.